ನಾಲ್ಕನೇ ಕ್ಲಾಸಿಗೂ ಕಾರ್ಡು ಬೇಕು, ಕೈ ಜೋಡಿಸಿ

ಹಳೆ ವಿದ್ಯಾರ್ಥಿಗಳೇ, ಊರಿನವರೇ, ಮೈಸೂರು ಬೆಂಗಳೂರು ಸೇರಿಕೊಂಡಿರುವ ಗೆಳೆಯರೇ, ನಮಸ್ಕಾರ.

ಈ ಸಲ ದುಡ್ಡು ಕೇಳುತ್ತಿರುವುದು ಗೋಡೆಗೆ ಬಣ್ಣ ಹೊಡೆಸೋಕಲ್ಲ. ನಮ್ಮೂರ ಸರ್ಕಾರಿ ಶಾಲೆಯ ನಾಲ್ಕು, ಐದನೇ ಕ್ಲಾಸಿನ ಕೋಣೆಯನ್ನೇ ಬದಲಿಸಬೇಕಾಗಿದೆ. ಪಾಠ ಮಾಡುವ ರೀತಿಯನ್ನೂ.

ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ ಪದ್ಧತಿ ಶುರುವಾಗಿದ್ದೇ ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಇಲ್ಲಿನ ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ತಿರದ ಋಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಪಾಠಗಳನ್ನು ಬಿಡಿಸಿ ಕಾರ್ಡು ಮಾಡಿದರು. ಯುನಿಸೆಫ್ ನೆರವಿತ್ತು. 2009ರಿಂದ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹೋಯಿತು. ನಮ್ಮ ತಾಲ್ಲೂಕಿನವರಿಗೇ ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಬಿಡಿ.

ಒಂದು ಸಲ ಬಂದು ನೋಡಿ. ಎರಡನೇ ಕ್ಲಾಸಿನ ಹುಡುಗಿ ಗೋಡೆ ಮೇಲಿನ ಕಲಿಕಾ ಏಣಿಯಲ್ಲಿ, ಅಂದರೆ ಕಲಿಕೆಯ ಹಂತಗಳನ್ನು ಚಿತ್ರದಲ್ಲಿ ತೋರಿಸುವ ಪಟದಲ್ಲಿ, ತನ್ನ ಮೆಟ್ಟಿಲು ಹುಡುಕಿ, ಟ್ರೇಯಿಂದ ಅದೇ ಚಿತ್ರದ ಕಾರ್ಡು ತೆಗೆದುಕೊಂಡು, ತನ್ನ ‘ತಟ್ಟೆ’ಗೆ (ಗುಂಪಿಗೆ) ಹೋಗಿ ಕೂರುತ್ತಾಳೆ, ಯಾರೂ ಹೇಳಬೇಕಾಗಿಲ್ಲ. ಬರೆದದ್ದನ್ನು ತಲೆ ಮೇಲಿನ ಚಪ್ಪರದ ದಾರಕ್ಕೆ ಸಿಕ್ಕಿಸುತ್ತಾಳೆ. ಮೇಡಂ ಆ ಹೊತ್ತಿಗೆ ಇನ್ನೊಂದು ಗುಂಪಿನ ಜೊತೆ ನೆಲದ ಮೇಲೆ ಕೂತಿರುತ್ತಾರೆ. ಕಾಫಿ ಕೊಯ್ಲಿಗೆ ಅಪ್ಪ-ಅಮ್ಮನ ಜೊತೆ ಕೊಡಗಿಗೆ ಹೋಗಿ ತಿಂಗಳು ಬಿಟ್ಟು ಬಂದರೂ ಅವಳಿಗೆ ತೊಂದರೆಯಿಲ್ಲ, ಬಿಟ್ಟ ಕಾರ್ಡಿನಿಂದಲೇ ಮತ್ತೆ ಶುರು.

ಮೂರನೇ ಕ್ಲಾಸು ಮುಗಿಯಿತೋ, ಇದೆಲ್ಲ ಬಂದ್. ನಾಲ್ಕಕ್ಕೆ ಬಂದ ಮಕ್ಕಳು ಬೆಂಚಿನ ಸಾಲಿನಲ್ಲಿ ಕೂತು ಬೋರ್ಡು ನೋಡಬೇಕು. ಕೊಡಗಿನಿಂದ ವಾಪಸ್ ಬರುವಷ್ಟರಲ್ಲಿ ಭಾಗಾಕಾರ ಮುಗಿದು ಭಿನ್ನರಾಶಿ ನಡೆಯುತ್ತಿರುತ್ತದೆ. ಒಂದಷ್ಟು ದಿನ ಸುಮ್ನೆ ಕೂತಿರುತ್ತಾರೆ, ಆಮೇಲೆ ಶಾಲೆಗೆ ಬರೋದೇ ಕಡಿಮೆಯಾಗುತ್ತದೆ. ಮೇಷ್ಟ್ರನ್ನು ಅಂದು ಪ್ರಯೋಜನವಿಲ್ಲ. ಎರಡು ಕ್ಲಾಸು, ಒಂದೇ ಕೋಣೆ, ಒಬ್ಬರೇ ಮೇಷ್ಟ್ರು.

ಆ ಮೇಷ್ಟ್ರೇ ಈಗ ಗಣಿತ, ಪರಿಸರ ಅಧ್ಯಯನಕ್ಕೆ ಕೈಯಲ್ಲಿ ಕಾರ್ಡು ಬರೆಯುತ್ತಿದ್ದಾರೆ. ಪಠ್ಯಪುಸ್ತಕ ಅದೇ, ಪರೀಕ್ಷೆಯೂ ಅದೇ. ಕಾರ್ಡು ಪ್ರಿಂಟ್ ಹಾಕಿಸಿ ಲ್ಯಾಮಿನೇಶನ್ ಮಾಡಿಸಬೇಕು, ಇಲ್ಲದಿದ್ದರೆ ಒಂದು ಮಳೆಗಾಲ ತಡೆಯೋದಿಲ್ಲ. ಆರು ಗಿಡ್ಡ ಮೇಜು ಬೇಕು. ಗೋಡೆಯ ಕೆಳಭಾಗಕ್ಕೆ ಸುತ್ತಲೂ ಕಪ್ಪು ಬೋರ್ಡು, ಮಕ್ಕಳೇ ಬರೆಯುವಷ್ಟು ಎತ್ತರದಲ್ಲಿ. ಕಾರ್ಡು, ಕಥೆ ಪುಸ್ತಕ ಇಡಲು ರ‍್ಯಾಕು. ಒಟ್ಟು 90,000 ರೂಪಾಯಿ ಆಗುತ್ತದೆ, ಅದರಲ್ಲಿ ಮೇಜಿಗೇ ಜಾಸ್ತಿ. ಊರಲ್ಲಿ 22,000 ಕೂಡಿದೆ.

ಕೆಲವರು ಸ್ಮಾರ್ಟ್ ಟಿವಿ ಕೊಡಿಸ್ತೀವಿ ಅಂದರು. ಅವರ ಪ್ರೀತಿ ದೊಡ್ಡದು. ಆದರೆ ಬೋರ್ಡಿನ ಬದಲು ಟಿವಿ ನೋಡಿದರೂ ಮಗು ಕೂತಲ್ಲೇ ಕೂತಿರುತ್ತದೆ, ಅಲ್ವಾ?

ಹಣವನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಖಾತೆಗೇ ಹಾಕಿ, ನಮ್ಮ ಯಾರ ಕೈಗೂ ಕೊಡಬೇಡಿ. ಖಾತೆ ವಿವರ ಮುಖ್ಯ ಶಿಕ್ಷಕರ ಹತ್ತಿರ ಸಿಗುತ್ತದೆ, ರಸೀದಿಯನ್ನೂ ಅವರೇ ಕೊಡುತ್ತಾರೆ. ಖರ್ಚಿನ ಲೆಕ್ಕ ಶಾಲೆಯ ನೋಟಿಸ್ ಬೋರ್ಡಿಗೆ ಹಾಕುತ್ತೇವೆ. 200 ರೂಪಾಯಿ ಆದರೂ ಸಂಕೋಚ ಬೇಡ. ಬೇಸಿಗೆ ರಜೆಯಲ್ಲೇ ಕೆಲಸ ಮುಗಿಯಬೇಕು, ಹಾಗಾಗಿ ತಡ ಮಾಡಬೇಡಿ. ಮನೆಯಲ್ಲಿ ಹಳೆ ಹಲಗೆ, ಪ್ಲೈವುಡ್ ಬಿದ್ದಿದ್ದರೆ ಅದನ್ನೂ ಕಳಿಸಿ. ಹಳೆ ಗೈಡು ಮಾತ್ರ ಬೇಡ, ಅದು ಈಗಾಗಲೇ ಒಂದು ಬೀರು ತುಂಬ ಇದೆ.