ಸಂಗೀತ, ಮಿದುಳು ಮತ್ತು ಗಣಿತದ ಮಾರ್ಕ್ಸ್

ಪುಣೆಯ ನಮ್ಮ ಸಂಘದ ಸಂಗೀತ ವರ್ಗಕ್ಕೆ ಮಕ್ಕಳ ಹೆಸರು ಹಚ್ಚಲು ಬರುವ ಪಾಲಕರು ಫೀ ಎಷ್ಟೆಂದು ಕೇಳಿದ ಮೇಲೆ ತಪ್ಪದೆ ಕೇಳುವುದು: ‘ಸಂಗೀತ ಕಲಿತರ ಗಣಿತದಾಗ ಮಾರ್ಕ್ಸ್ ಹೆಚ್ಚಾಗ್ತಾವಂತ, ಖರೇ ಏನ್ರಿ?’ ಗದಗದ ಭೀಮಸೇನ ಜೋಶಿಯವರು ನೆಲೆಸಿದ, 1953ರಿಂದ ಸವಾಯಿ ಗಂಧರ್ವ ಉತ್ಸವ ಕೇಳುತ್ತ ಬಂದ ಪುಣೆಯಲ್ಲೂ ಈ ಪ್ರಶ್ನೆ!

ಇಂಥ ಮಾತುಗಳಿಗೆ ಇಂಬು ಕೊಟ್ಟದ್ದು 1993ರ ಒಂದು ಪ್ರಯೋಗ. ಕಾಲೇಜು ವಿದ್ಯಾರ್ಥಿಗಳಿಗೆ 10 ನಿಮಿಷ ಪಾಶ್ಚಾತ್ಯ ಸಂಗೀತಕಾರ ಮೊಜಾರ್ಟ್‌ನ ರಚನೆ ಕೇಳಿಸಿ, ಆಕೃತಿಗಳನ್ನು ಮನಸ್ಸಿನಲ್ಲೇ ಮಡಚುವಂಥ ಪರೀಕ್ಷೆ ಕೊಟ್ಟರು. ಅಂಕ ತುಸು ಏರಿತು, ಕಾಲು ಗಂಟೆಯೊಳಗೆ ಆ ಪರಿಣಾಮ ಇಳಿದೂ ಹೋಯಿತು. ಅದು ಬರೀ ಕೇಳಿದ್ದರ ಲೆಕ್ಕ.

ಕಲಿತದ್ದರ ಲೆಕ್ಕ ಬೇರೆಯೇ ಇದೆ. 1995ರಲ್ಲಿ ಜರ್ಮನಿಯ ಥಾಮಸ್ ಎಲ್ಬರ್ಟ್ ಅವರ ತಂಡ ತಂತಿವಾದ್ಯಗಾರರ ಮಿದುಳಿನ ಸ್ಪರ್ಶಕ್ಷೇತ್ರವನ್ನು ಅಳೆಯಿತು. ಎಡಗೈ ಬೆರಳುಗಳಿಗೆ ಮಿದುಳು ಸ್ಪಂದಿಸುವ ಬಗೆ ಇತರರಿಗಿಂತ ಗಟ್ಟಿಯಾಗಿತ್ತು. ಹೆಬ್ಬೆರಳಿನಲ್ಲಿ ಮಾತ್ರ ಅಷ್ಟಿಲ್ಲ. ಪಿಟೀಲಿನ ಕುತ್ತಿಗೆ ಹಿಡಿದು ಕೂಡುವುದಷ್ಟೇ ಅದರ ಕೆಲಸ ತಾನೆ? ಕಮಾನು ಹಿಡಿದ ಬಲಗೈಯಲ್ಲಂತೂ ವ್ಯತ್ಯಾಸವೇ ಇಲ್ಲ. ಅದೇ ವರ್ಷ ಗಾಟ್‌ಫ್ರೀಡ್ ಶ್ಲಾಗ್ ತಂಡ, 7 ವರ್ಷದೊಳಗೆ ಕಲಿಕೆ ಶುರು ಮಾಡಿದವರಲ್ಲಿ ಎರಡು ಅರ್ಧಗೋಳಗಳನ್ನು ಬೆಸೆಯುವ ನರತಂತುಗಳ ಕಟ್ಟಿನ ಮುಂಭಾಗ ದೊಡ್ಡದಿರುವುದನ್ನು ತೋರಿಸಿತು.

ಹುಟ್ಟಿನಿಂದಲೇ ಹಾಗಿದ್ದವರು ಸಂಗೀತಗಾರರಾದರೋ ಏನೋ ಎಂಬ ಅನುಮಾನ ಸಹಜ. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು 6 ವರ್ಷದ ಮಕ್ಕಳಿಗೆ ವಾರಕ್ಕೆ ಅರ್ಧ ಗಂಟೆಯ ಕೀಬೋರ್ಡ್ ಪಾಠ, 15 ತಿಂಗಳು. ಆರಂಭದಲ್ಲಿ ಉಳಿದ ಮಕ್ಕಳಿಗೂ ಇವರಿಗೂ ಮಿದುಳಿನಲ್ಲಿ ವ್ಯತ್ಯಾಸವಿರಲಿಲ್ಲ. ಕೊನೆಗೆ ಕೈಚಲನೆ ಮತ್ತು ಕೇಳ್ಮೆಯ ಭಾಗಗಳಲ್ಲಿ ಬದಲಾವಣೆ ಕಂಡಿತು. ಬೆರಳಿನ ಚುರುಕು, ಸ್ವರ-ಲಯದ ಗುರುತು ಸುಧಾರಿಸಿದವು. ಸಂಗೀತಕ್ಕೆ ಸಂಬಂಧವಿಲ್ಲದ ಕೌಶಲಗಳಲ್ಲಿ ಅಂಥ ಲಾಭ ಕಾಣಲಿಲ್ಲ. ಪಾಲಕರಿಗೆ ಉತ್ತರ ಇಲ್ಲೇ ಸಿಕ್ಕಿತು.

ಮಿದುಳು ಕಲಿಯುವುದು ಮಾಡಿದ್ದನ್ನೇ, ತಪ್ಪನ್ನೂ ಸೇರಿಸಿ. ಹಾಗಾಗಿ ಪಿಟೀಲು ಕಲಿಯುವ ಮಗುವಿಗೆ ಭಾನುವಾರ ಎರಡು ತಾಸು ಅಭ್ಯಾಸ ಎಳೆಯುವುದಕ್ಕಿಂತ ದಿನಾ 20 ನಿಮಿಷ ಲೇಸು. ಬೆರಳಿನ ಕಲಿಕೆ ಗಟ್ಟಿಯಾಗುವುದರಲ್ಲಿ ನಡುವಿನ ನಿದ್ದೆಗೂ ಪಾಲಿದೆ. ಹೊಸ ಅಲಂಕಾರವನ್ನು (ಸ್ವರಗಳ ಅಭ್ಯಾಸದ ವರಸೆ), ಲಯದ ಬಡಿತ ಕೊಡುವ ಮೆಟ್ರೊನೋಮ್ ಯಂತ್ರವನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ಬಡಿತಕ್ಕೊಂದು ಸ್ವರ ನುಡಿಸಲಿ. ಮೂರು ಸಲ ತಪ್ಪಿಲ್ಲದೆ ಬಂದರೆ 66. ಆತುರಪಟ್ಟ ಮಗು ಕಿರುಬೆರಳು ಇಡಬೇಕಾದಲ್ಲಿ ಉಂಗುರಬೆರಳು ಜಾರಿಸಿಬಿಡುತ್ತದೆ. ಅದೇ ರೂಢಿಯಾದರೆ ಬಿಡಿಸುವುದು ಕಲಿಸುವುದಕ್ಕಿಂತ ಕಷ್ಟ. ಭುಜ ಮೇಲೆದ್ದರೆ, ಮಣಿಕಟ್ಟು ವಾದ್ಯದ ಕುತ್ತಿಗೆಗೆ ಒರಗಿದರೆ ಅಲ್ಲೇ ನಿಲ್ಲಿಸಿ, ಕೈ ಕೊಡವಿಸಿ, ವೇಗ 50ಕ್ಕೆ ಇಳಿಸಿ.