ಡೊಡೋನಾದ ಸೀಸದ ಪಟ್ಟಿಗಳು

ಪ್ರಿಯ ಮಿತ್ರ,

ಗ್ರೀಕರ ದೈವವಾಣಿಯ, ಅಂದರೆ ಜನರು ದೇವರಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆಯುತ್ತಿದ್ದ ಕ್ಷೇತ್ರಗಳ ಕುರಿತು ನೀನು ಬರೆದ ಪತ್ರದಲ್ಲಿ ಅಪೊಲೊ ದೇವನ ಡೆಲ್ಫಿಯ ಪ್ರಸ್ತಾಪ ಮಾತ್ರ ಇತ್ತು. ದೈವವಾಣಿಯೆಂದರೆ ಭವಿಷ್ಯವನ್ನು ಒಗಟಿನಲ್ಲಿ ಹೇಳುವುದು ಎಂದೂ ನೀನು ಬರೆದಿದ್ದೆ. ಡೆಲ್ಫಿಯ ಕೀರ್ತಿ ದೊಡ್ಡದೆಂಬುದನ್ನು ಒಪ್ಪುತ್ತೇನೆ. ಆದರೆ ನನ್ನ ಮನಸ್ಸು ಎಳೆಯುವುದು ವಾಯವ್ಯ ಗ್ರೀಸಿನ ಎಪಿರಸ್ ಸೀಮೆಯಲ್ಲಿ, ಟೊಮಾರೋಸ್ ಬೆಟ್ಟದ ತಪ್ಪಲಿನಲ್ಲಿರುವ ಡೊಡೋನಾದ ಕಡೆಗೆ. ಗ್ರೀಕರ ದೈವವಾಣಿಗಳಲ್ಲೆಲ್ಲ ಇದೇ ಅತ್ಯಂತ ಹಳೆಯದೆಂದು ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಗ್ರೀಕರ ದೇವರಾಜ ಜೀಯಸ್ ಇಲ್ಲಿಯ ಪವಿತ್ರ ಓಕ್ ಮರದ ಮೂಲಕ ತನ್ನ ಇಚ್ಛೆಯನ್ನು ತಿಳಿಸುತ್ತಿದ್ದನೆಂಬ ನಂಬಿಕೆ ಹೋಮರನ ಕಾವ್ಯದಲ್ಲಿಯೇ ಕಾಣುತ್ತದೆ. ಅವನ ಇಲಿಯಡ್‌ನಲ್ಲಿ ವೀರ ಅಕಿಲೀಸನು ಪ್ರಾರ್ಥಿಸುವುದೂ ಈ ಡೊಡೋನಾದ ಒಡೆಯನನ್ನೇ, ಕಾಲು ತೊಳೆಯದ, ನೆಲದ ಮೇಲೆ ಮಲಗುವ ಅರ್ಚಕರು ಸುತ್ತ ನೆಲೆಸಿದ್ದ ದೇವರನ್ನು.

ಇಷ್ಟಾದರೂ ಡೊಡೋನಾ ನನಗೆ ಹತ್ತಿರವಾದದ್ದು ವೀರರಿಂದಲ್ಲ, ಸಾಮಾನ್ಯ ಜನರಿಂದ. ಕ್ರಿಸ್ತಪೂರ್ವದ ಹಲವು ಶತಮಾನಗಳ ಕಾಲ ಅಲ್ಲಿಗೆ ಬಂದವರು ತಮ್ಮ ಪ್ರಶ್ನೆಗಳನ್ನು ತೆಳುವಾದ ಸೀಸದ ಪಟ್ಟಿಗಳ ಮೇಲೆ ಗೀರಿ, ಮಡಿಸಿ, ಜೀಯಸ್ ಮತ್ತು ಅವನ ಜೊತೆಗೆ ಪೂಜೆಗೊಳ್ಳುತ್ತಿದ್ದ ದೇವಿ ಡಿಯೋನೆಯ ಮುಂದೆ ಇಡುತ್ತಿದ್ದರು. ಉತ್ಖನನದಲ್ಲಿ ದೊರೆತ ಪಟ್ಟಿಗಳಿಂದ ಓದಿದ 4,000ಕ್ಕೂ ಹೆಚ್ಚು ಬರಹಗಳು 2013ರಲ್ಲಿ ಪ್ರಕಟವಾದವು. ಕುರಿ ಸಾಕಿದರೆ ತನಗೆ ಒಳಿತಾದೀತೇ ಎಂದು ಒಬ್ಬ ಕೇಳುತ್ತಾನೆ. ಕಾಣೆಯಾದ ಹೊದಿಕೆ, ತಲೆದಿಂಬುಗಳನ್ನು ಹೊರಗಿನವರು ಯಾರಾದರೂ ಕದ್ದಿರಬಹುದೇ ಎಂಬುದು ಆಗಿಸ್ ಎಂಬವನ ಚಿಂತೆ. ಅನ್ನೂಲಾ ಎಂಬ ಹೆಣ್ಣು ಗರ್ಭದಲ್ಲಿ ಹೊತ್ತಿರುವ ಮಗು ತನ್ನದು ಹೌದೋ ಅಲ್ಲವೋ ಎಂದು ಲೈಸಾನಿಯಾಸ್ ಕೇಳುತ್ತಾನೆ. ಈ ಸಂಶಯವನ್ನು ಅವನು ಬೇರೆ ಯಾರ ಮುಂದೆ ತಾನೇ ಬಾಯಿಬಿಟ್ಟು ಹೇಳಿಕೊಳ್ಳಬಹುದಿತ್ತು? ವ್ಯಕ್ತಿಗಳಷ್ಟೇ ಅಲ್ಲ, ಕೊರ್ಸೈರಾ ದ್ವೀಪದ ಇಡೀ ಪೌರಸಮುದಾಯ ಯಾವ ದೇವರಿಗೆ ಬಲಿಯರ್ಪಿಸಿದರೆ ತಮ್ಮೊಳಗೆ ಒಮ್ಮತ ಮೂಡೀತು ಎಂದು ವಿಚಾರಿಸಿದೆ.

ಈ ಪ್ರಶ್ನೆಗಳಲ್ಲಿ ಬಹಳಷ್ಟು ಮುಂದೇನಾಗುತ್ತದೆ ಎಂದು ಕೇಳುವುದಿಲ್ಲ. ಏನು ಮಾಡಿದರೆ ಒಳಿತು, ಯಾರಿಗೆ ಹರಕೆ ಹೊರಬೇಕು ಎಂದು ಕೇಳುತ್ತವೆ. ದೈವವಾಣಿಯೆಂದರೆ ಭವಿಷ್ಯವನ್ನು ಒಗಟಿನಲ್ಲಿ ಹೇಳುವುದು ಎಂಬ ನಿನ್ನ ಮಾತಿಗೆ ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಅಲ್ಲಿಗೆ ಹೋದವರು ನಿರ್ಧಾರದ ಭಾರವನ್ನು ದೇವರೊಡನೆ ಹಂಚಿಕೊಳ್ಳಲು ಬಯಸಿದ್ದರು. ಉತ್ತರಗಳು ಉಳಿದಿರುವುದು ತೀರ ವಿರಳ.

ಕ್ರಿ.ಪೂ. 219ರಲ್ಲಿ ಮಧ್ಯ ಗ್ರೀಸಿನ ಈಟೋಲಿಯನ್ನರು ಆ ಕ್ಷೇತ್ರವನ್ನು ಸುಟ್ಟರು. ಮತ್ತೆ ಕಟ್ಟಿದ್ದನ್ನು ಕ್ರಿ.ಪೂ. 167ರಲ್ಲಿ ರೋಮನ್ನರು ಹಾಳುಗೆಡವಿದರು. ದೊಡ್ಡ ಕಲ್ಲಿನ ರಂಗಮಂದಿರದ ಅವಶೇಷ ಇಂದಿಗೂ ಇದೆ. ಗ್ರೀಸಿಗೆ ಹೋದಾಗ ಅದನ್ನು ನೋಡು, ಆದರೆ ಅದಕ್ಕಿಂತ ಮೊದಲು ಹತ್ತಿರದ ಯೊಆನಿನಾ ನಗರದ ಪುರಾತತ್ತ್ವ ಸಂಗ್ರಹಾಲಯಕ್ಕೆ ಹೋಗಿ ಆ ಪಟ್ಟಿಗಳ ಮುಂದೆ ಸಾವಕಾಶವಾಗಿ ನಿಲ್ಲು.

ನಿನ್ನ ಗೆಳೆಯ