ಇನ್ನು ಮುಂದೆ ಡಾಂಗಲ್ ನಿಮ್ಮ ಹತ್ತಿರವೇ: ಎಲ್‌ಎಲ್‌ಪಿ ವಾರ್ಷಿಕ ಫೈಲಿಂಗ್ ಬಗ್ಗೆ ನಮ್ಮ ಗ್ರಾಹಕರಿಗೆ

ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಪಾರ್ಟ್ನರ್‌ಗಳೆಲ್ಲರಿಗೂ ನಮಸ್ಕಾರ.

ಬರುವ ಏಪ್ರಿಲ್ 1ರಿಂದ ನಮ್ಮ ಕಚೇರಿಯಲ್ಲಿ ಯಾರ ಡಿಎಸ್‌ಸಿ ಡಾಂಗಲ್ಲನ್ನೂ (ಡಿಜಿಟಲ್ ಸಹಿಯ ಸರ್ಟಿಫಿಕೇಟ್ ಇರುವ ಯುಎಸ್‌ಬಿ ಕಡ್ಡಿ) ಇಟ್ಟುಕೊಳ್ಳುವುದಿಲ್ಲ. ಹೆಸರಿನ ಚೀಟಿ ಅಂಟಿಸಿ ಕಪಾಟಿನಲ್ಲಿ ಇಟ್ಟಿರುವವನ್ನೆಲ್ಲ ಮಾರ್ಚ್ ಮುಗಿಯುವುದರೊಳಗೆ ವಾಪಸ್ ಕೊಡುತ್ತೇವೆ. ಫಾರಂ 11ಕ್ಕೂ (ವಾರ್ಷಿಕ ರಿಟರ್ನ್) ಫಾರಂ 8ಕ್ಕೂ (ವರ್ಷದ ಲೆಕ್ಕಪತ್ರ) ಇನ್ನು ನೀವೇ ಸಹಿ ಹಾಕಬೇಕು. ಅದಕ್ಕೆ ಸಮಯ ಹಿಡಿಯುವುದರಿಂದ ನೀವು ಮಾಹಿತಿ ಕೊಡುವ ತಾರೀಕುಗಳನ್ನೂ ಮುಂಚಿತ ಮಾಡಿದ್ದೇವೆ. ಫಾರಂ 11ರ ವಿವರ ಏಪ್ರಿಲ್ 25ರೊಳಗೆ, ಫಾರಂ 8ರ ಲೆಕ್ಕಪತ್ರ ಆಗಸ್ಟ್ 31ರೊಳಗೆ ನಮ್ಮ ಕೈಸೇರಲಿ. ನಮ್ಮ ಶುಲ್ಕ ಹೋದ ವರ್ಷದ್ದೇ.

ಡಿಎಸ್‌ಸಿ ಕಾನೂನಿನ ಲೆಕ್ಕದಲ್ಲಿ ನಿಮ್ಮ ಸಹಿ. ಅದರೊಳಗಿನ ಪ್ರೈವೇಟ್ ಕೀ (ಸಹಿ ಹಾಕುವ ಗುಪ್ತ ಡಿಜಿಟಲ್ ಕೀಲಿ) ಬೇರೆಯವರ ಕೈಗೆ ಹೋಗದಂತೆ ನೋಡಿಕೊಳ್ಳುವ ಹೊಣೆಯನ್ನು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಸೆಕ್ಷನ್ ಸಹಿದಾರರ ಮೇಲೇ ಹೊರಿಸಿದೆ. ಡಾಂಗಲ್ಲನ್ನೂ ಅದರ ಪಾಸ್‌ವರ್ಡನ್ನೂ ಒಟ್ಟಿಗೆ ಇನ್ನೊಬ್ಬರ ಕಪಾಟಿನಲ್ಲಿಡುವುದು, ಸಹಿ ಮಾಡಿದ ಖಾಲಿ ಚೆಕ್ಕುಗಳ ಕಟ್ಟನ್ನು ಕೊಟ್ಟಿಟ್ಟಂತೆ. ಊರೆಲ್ಲ ನಡೆಯುವ ರೂಢಿ, ನಾವೂ ಅದನ್ನೇ ಮಾಡುತ್ತಿದ್ದೆವು, ನಿಜ. ಆದರೆ ಫಾರಂ 8ರ ಮೊದಲ ಭಾಗದಲ್ಲಿ ‘ಸಂಸ್ಥೆ ತನ್ನ ಸಾಲಗಳನ್ನು ಆಯಾ ಕಾಲಕ್ಕೆ ಪೂರ್ತಿ ತೀರಿಸಬಲ್ಲದು’ ಎಂದು ಇಬ್ಬರು ಡೆಸಿಗ್ನೇಟೆಡ್ ಪಾರ್ಟ್ನರ್‌ಗಳು (ಕಾನೂನು ಪಾಲನೆಯ ಹೊಣೆ ಹೊತ್ತ ಪಾರ್ಟ್ನರ್‌ಗಳು) ಘೋಷಿಸುತ್ತಾರೆ. ಆ ಸಾಲನ್ನು ಓದದವರ ಸಹಿ ಅದರ ಕೆಳಗೆ ಬೀಳಬಾರದು.

ಸಹಿಯ ಕೆಲಸ ಹೀಗೆ ನಡೆಯುತ್ತದೆ. ಎಂಸಿಎ (ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ) ಪೋರ್ಟಲ್‌ನಲ್ಲಿ ಫಾರಂ ತುಂಬಿ ಸಬ್ಮಿಟ್ ಮಾಡಿದ ಮೇಲೆ ಆ ಅರ್ಜಿಯನ್ನು ಗುರುತಿಸುವ ಒಂದು ಎಸ್‌ಆರ್‌ಎನ್ ಸಂಖ್ಯೆಯೂ ಒಂದು ಪಿಡಿಎಫ್ಫೂ ಸಿಗುತ್ತವೆ. ಆ ಪಿಡಿಎಫ್ಫನ್ನು ನಿಮಗೆ ಮೇಲ್ ಮಾಡುತ್ತೇವೆ. ಅಕ್ರೋಬ್ಯಾಟ್ ರೀಡರ್‌ನಲ್ಲಿ ತೆರೆದು, ಡಾಂಗಲ್ ಸಿಕ್ಕಿಸಿ, ಸಹಿಯ ಚೌಕದ ಮೇಲೆ ಒತ್ತಿ, ಪಾಸ್‌ವರ್ಡ್ ಹಾಕಿ, ಸೇವ್ ಮಾಡಿ ವಾಪಸ್ ಕಳಿಸಿದರಾಯಿತು. ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿದ್ದು ನಡೆಯುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಕೆಲಸ ಕೆಡುವುದು ಫಾರಂ 8ರಲ್ಲಿ: ಇಬ್ಬರೂ ತಮ್ಮ ತಮ್ಮ ಮೇಲ್‌ನಿಂದ ಬೇರೆ ಬೇರೆ ಪ್ರತಿ ಇಳಿಸಿಕೊಂಡು ಸಹಿ ಹಾಕಿಬಿಡುತ್ತಾರೆ. ಆ ಎರಡು ಸಹಿಗಳನ್ನು ಆಮೇಲೆ ಒಂದು ಫೈಲಿಗೆ ಸೇರಿಸಲು ದಾರಿಯಿಲ್ಲ. ಮೊದಲನೆಯವರು ಸಹಿ ಹಾಕಿದ ಫೈಲನ್ನೇ ಎರಡನೆಯವರು ತೆರೆಯಬೇಕು, ಆಡಿಟ್ ಇದ್ದರೆ ಅದೇ ಫೈಲ್ ಆಡಿಟರ್ ಹತ್ತಿರ ಹೋಗಬೇಕು. ಅದಕ್ಕಾಗಿ ನಾವು ಒಮ್ಮೆಗೆ ಒಬ್ಬರಿಗೆ ಮಾತ್ರ ಮೇಲ್ ಮಾಡುತ್ತೇವೆ. ‘ನನಗೆ ಇನ್ನೂ ಬಂದಿಲ್ಲ’ ಎಂದರೆ ಹಿಂದಿನವರ ಸಹಿ ಆಗಿಲ್ಲ ಎಂದು ತಿಳಿಯಿರಿ. ಸಹಿಯಾದ ಫೈಲ್ ಎಸ್‌ಆರ್‌ಎನ್ ಹುಟ್ಟಿದ 15 ದಿನದೊಳಗೆ ಪೋರ್ಟಲ್‌ಗೆ ಏರಬೇಕು, ಇಲ್ಲವಾದರೆ ಹೊಸದಾಗಿ ತುಂಬಬೇಕು. ಪಾರ್ಟ್ನರ್ ಒಬ್ಬರು ಪೀಣ್ಯದಲ್ಲಿ, ಇನ್ನೊಬ್ಬರು ದುಬೈನಲ್ಲಿ ಇದ್ದರೆ ಈ 15 ದಿನ ಕಣ್ಣೆದುರೇ ಕರಗಿಹೋಗುತ್ತದೆ.

ಡಾಂಗಲ್ ಕೈಗೆ ಬಂದ ದಿನವೇ ಮೂರು ಸಂಗತಿ ನೋಡಿಕೊಳ್ಳಿ. ಅವಧಿ ಮುಗಿದಿದೆಯೇ? ಡಿಎಸ್‌ಸಿ ಹೆಚ್ಚೆಂದರೆ 3 ವರ್ಷ ಬಾಳುತ್ತದೆ. ಅದರಲ್ಲಿರುವ ಹೆಸರು ಪ್ಯಾನ್‌ನಲ್ಲಿ ಇರುವಂತೆಯೇ ಇದೆಯೇ? ಇನಿಶಿಯಲ್ ಒಂದು ಕಡೆ ಬಿಡಿಸಿ, ಇನ್ನೊಂದು ಕಡೆ ಬಿಡಿಸದೆ ಇರುವುದು ನಮ್ಮ ಕಡೆಯ ಹೆಸರುಗಳಿಗೆ ತಪ್ಪದ ಕಾಟ. ಮೂರನೆಯದಾಗಿ, ಇತ್ತೀಚೆಗೆ ರಿನ್ಯೂ ಮಾಡಿಸಿದ್ದರೆ ಹೊಸ ಸರ್ಟಿಫಿಕೇಟನ್ನು ಎಂಸಿಎ ಖಾತೆಗೆ ಮತ್ತೆ ಜೋಡಿಸಿದ್ದೀರಾ? ಪೋರ್ಟಲ್‌ನಲ್ಲಿ ಹಳೆಯದೇ ಕೂತಿದ್ದರೆ ಹೊಸ ಸಹಿಯನ್ನು ಅದು ಗುರುತಿಸುವುದಿಲ್ಲ. ಪಾಸ್‌ವರ್ಡ್ ಮರೆತಿದ್ದರೆ ಊಹೆ ಮಾಡಿ ಒತ್ತುತ್ತಾ ಹೋಗಬೇಡಿ. ಹಲವು ಸಲ ತಪ್ಪಿದರೆ ಡಾಂಗಲ್ ಲಾಕ್ ಆಗುತ್ತದೆ, ಫಾರ್ಮ್ಯಾಟ್ ಮಾಡಿದರೆ ಒಳಗಿನ ಸರ್ಟಿಫಿಕೇಟೂ ಅಳಿಸಿಹೋಗುತ್ತದೆ, ಹೊಸದೇ ಕೊಳ್ಳಬೇಕು. ನಮ್ಮಲ್ಲಿರುವ ಪಾಸ್‌ವರ್ಡನ್ನು ಡಾಂಗಲ್ ಜೊತೆ ಮುಚ್ಚಿದ ಕವರಿನಲ್ಲಿ ಕೊಡುತ್ತೇವೆ, ಆ ದಿನವೇ ಬದಲಾಯಿಸಿ. ಹೊಸದನ್ನು ನಮಗೆ ವಾಟ್ಸಾಪ್ ಮಾಡಬೇಡಿ.

ಇನ್ನು ಫಾರಂಗಳ ವಿಚಾರ. ಫಾರಂ 11 ವಾರ್ಷಿಕ ರಿಟರ್ನ್, ಕಡೆಯ ದಿನ ಮೇ 30. ಇದಕ್ಕೆ ಲೆಕ್ಕಪತ್ರ ಬೇಕಿಲ್ಲ. ಮಾರ್ಚ್ 31ರಂದು ಯಾರು ಯಾರು ಪಾರ್ಟ್ನರ್‌ಗಳು, ಯಾರು ಎಷ್ಟು ಬಂಡವಾಳ ಒಪ್ಪಿದ್ದಾರೆ, ಎಷ್ಟು ಹಾಕಿದ್ದಾರೆ ಎಂಬುದೇ ಮುಖ್ಯ. ಸುಲಭವಾಗಿ ಕಂಡರೂ ಎರಡು ಕಡೆ ತಡೆಯುತ್ತದೆ. ವರ್ಷದ ನಡುವೆ ಪಾರ್ಟ್ನರ್ ಒಬ್ಬರು ಬಿಟ್ಟುಹೋಗಿ ಅಥವಾ ಹೊಸಬರು ಸೇರಿ, 30 ದಿನದೊಳಗೆ ಆ ಬದಲಾವಣೆ ತಿಳಿಸುವ ಫಾರಂ 4 ಸಲ್ಲಿಸದೇ ಇದ್ದರೆ, ಪೋರ್ಟಲ್ ಹಳೆಯ ಹೆಸರುಗಳನ್ನೇ ತೋರಿಸುತ್ತದೆ. ಮೊದಲು ಅದನ್ನು ಸರಿಪಡಿಸಬೇಕು, ಅಗ್ರಿಮೆಂಟ್ ತಿದ್ದಿದ್ದರೆ ಫಾರಂ 3 ಕೂಡ. ಎರಡನೆಯದು, ಪಾರ್ಟ್ನರ್‌ಗಳು ಬೇರೆ ಯಾವ ಕಂಪನಿಯಲ್ಲಿ ಡೈರೆಕ್ಟರ್, ಯಾವ ಎಲ್‌ಎಲ್‌ಪಿಯಲ್ಲಿ ಪಾಲುದಾರ ಎಂಬ ಪಟ್ಟಿ. ನೆನಪಿನಿಂದ ಬರೆದ ಪಟ್ಟಿಯಲ್ಲಿ, ಮಾವನ ಜೊತೆ ಯಾವಾಗಲೋ ತೆರೆದು ಮರೆತ ಕಂಪನಿ ಬಿಟ್ಟುಹೋಗಿರುತ್ತದೆ, ಡಿನ್ (ಡೈರೆಕ್ಟರ್ ಗುರುತಿನ ಸಂಖ್ಯೆ) ಹಾಕಿ ಹುಡುಕಿದರೆ ಸಿಗುತ್ತದೆ. ಕೆವೈಸಿ ಆಗದೆ ಡಿನ್ ನಿಷ್ಕ್ರಿಯವಾಗಿದ್ದರೆ ಫೈಲಿಂಗ್ ಅಲ್ಲೇ ನಿಲ್ಲುತ್ತದೆ, ಎಬ್ಬಿಸಲು 5,000 ರೂಪಾಯಿ. ಟರ್ನೋವರ್ 5 ಕೋಟಿ ಅಥವಾ ಬಂಡವಾಳ 50 ಲಕ್ಷ ಮೀರಿದವರಿಗೆ ಕಂಪನಿ ಸೆಕ್ರೆಟರಿಯ ದೃಢೀಕರಣವೂ ಬೇಕು.

ಫಾರಂ 8 ಲೆಕ್ಕದ್ದು, ಕಡೆಯ ದಿನ ಅಕ್ಟೋಬರ್ 30. ಟರ್ನೋವರ್ 40 ಲಕ್ಷ ಅಥವಾ ಬಂಡವಾಳ 25 ಲಕ್ಷ, ಇವೆರಡರಲ್ಲಿ ಒಂದು ಮೀರಿದರೂ ಆಡಿಟ್ ಕಡ್ಡಾಯ. ‘ಇನ್‌ಕಂ ಟ್ಯಾಕ್ಸ್‌ನಲ್ಲಿ ಆಡಿಟ್ ಮಿತಿ 1 ಕೋಟಿ ಅಲ್ಲವೇ’ ಎಂದು ಕೇಳುವವರಿದ್ದಾರೆ. ಅದು ಬೇರೆ ಕಾಯ್ದೆ. 45 ಲಕ್ಷ ವಹಿವಾಟಿನ ಎಲ್‌ಎಲ್‌ಪಿಗೆ ಅಲ್ಲಿ ಆಡಿಟ್ ಬೇಡದಿರಬಹುದು, ಇಲ್ಲಿ ಬೇಕು. ಆಗಸ್ಟ್ ಎಂದಿರುವುದು ಇದೇ ಕಾರಣಕ್ಕೆ, ಅಕ್ಟೋಬರ್‌ನಲ್ಲಿ ಆಡಿಟರ್ ಸಿಗುವುದಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಎಲ್ಲ ಖಾತೆಗಳದ್ದೂ ಇರಲಿ. ಜಿಎಸ್‌ಟಿಯಲ್ಲಿ ತೋರಿಸಿದ ಮಾರಾಟಕ್ಕೂ ಲೆಕ್ಕದ ಮಾರಾಟಕ್ಕೂ ವ್ಯತ್ಯಾಸವಿದ್ದರೆ ಯಾಕೆಂದು ಒಂದು ಸಾಲು ಬರೆದುಕೊಡಿ.

ತಡವಾದರೆ ದಿನಕ್ಕೆ 100 ರೂಪಾಯಿ ಎಂಬ ಮಾತು ಇನ್ನೂ ಓಡಾಡುತ್ತಿದೆ. 2022ರ ಏಪ್ರಿಲ್ 1ರಿಂದ ವಿಳಂಬ ಶುಲ್ಕ ಮೂಲ ಶುಲ್ಕದ ಇಷ್ಟು ಪಟ್ಟು ಎಂದು ಬದಲಾಗಿದೆ. ಬಂಡವಾಳ 8 ಲಕ್ಷ, ಟರ್ನೋವರ್ 60 ಲಕ್ಷ ಇದೆ ಎನ್ನಿ. ಮೂಲ ಶುಲ್ಕ ಫಾರಂಗೆ 150. 15 ದಿನದವರೆಗೆ ತಡವಾದರೆ ಅದರ ಒಂದು ಪಟ್ಟು, 30 ದಿನದವರೆಗೆ 4 ಪಟ್ಟು, 100ನೇ ದಿನಕ್ಕೆ 20 ಪಟ್ಟು, ಅಂದರೆ 3,000. 360 ದಿನ ದಾಟಿದರೆ 30 ಪಟ್ಟು, ಮೇಲೆ ದಿನಕ್ಕೆ 20 ರೂಪಾಯಿ. ಬಂಡವಾಳ 25 ಲಕ್ಷ, ಹಿಂದಿನ ವರ್ಷದ ಟರ್ನೋವರ್ 40 ಲಕ್ಷ, ಎರಡನ್ನೂ ಮೀರದ ಸಣ್ಣ ಎಲ್‌ಎಲ್‌ಪಿಗೆ 15 ದಿನ ದಾಟಿದ ಮೇಲೆ ಇದರ ಅರ್ಧ. ದಿನಕ್ಕೆ 100 ಎಂಬುದು ಪೂರ್ತಿ ಸುಳ್ಳೂ ಅಲ್ಲ: ರಿಜಿಸ್ಟ್ರಾರ್ ಪ್ರಕರಣ ನಡೆಸಿ ದಂಡ ಹಾಕಿದರೆ ಅದೇ ದರ, ಸಂಸ್ಥೆಗೆ 1 ಲಕ್ಷದವರೆಗೆ, ಡೆಸಿಗ್ನೇಟೆಡ್ ಪಾರ್ಟ್ನರ್‌ಗೆ 50,000ದವರೆಗೆ. ಸರ್ಕಾರಿ ಶುಲ್ಕದ ಚಲನ್ ಅನ್ನು ನಮ್ಮ ಬಿಲ್ಲಿನಿಂದ ಬೇರೆಯಾಗಿಯೇ ಕೊಡುತ್ತೇವೆ.

ವ್ಯಾಪಾರವೇ ಇಲ್ಲ, ಖಾತೆಯಲ್ಲಿ ಕಾಸಿಲ್ಲ ಎನ್ನುವವರೂ ಎರಡೂ ಫಾರಂ ಹಾಕಲೇಬೇಕು. ಮುಚ್ಚುವ ಮನಸ್ಸಿದ್ದರೂ, ಹೆಸರು ತೆಗೆಸಲು ಹಾಕುವ ಫಾರಂ 24ಕ್ಕೆ ಮೊದಲು, ವ್ಯವಹಾರ ನಿಂತ ವರ್ಷದವರೆಗಿನ ಬಾಕಿ ಫೈಲಿಂಗ್ ಎಲ್ಲ ಮುಗಿದಿರಬೇಕು. ಹಾಗಿದ್ದರೆ ಈಗಲೇ ಹೇಳಿ.

ಡಾಂಗಲ್ ಪಡೆಯಲು ಆಯಾ ಪಾರ್ಟ್ನರೇ ಪ್ಯಾನ್ ಕಾರ್ಡ್ ಹಿಡಿದು ಬರಬೇಕು; ಡ್ರೈವರನ್ನೋ ಅಕೌಂಟೆಂಟನ್ನೋ ಕಳಿಸಿದರೆ ಕೊಡುವುದಿಲ್ಲ, ಬೇಸರಿಸಬೇಡಿ. ಮನೆಯಲ್ಲಿ ವಿಂಡೋಸ್ ಲ್ಯಾಪ್‌ಟಾಪ್ ಇಲ್ಲದವರು, ಡಾಂಗಲ್ ಓಡಿಸುವ ಡ್ರೈವರ್ ಸಾಫ್ಟ್‌ವೇರ್ ಹಾಕಿಕೊಳ್ಳಲು ಬಾರದವರು ಮೇ ತಿಂಗಳ ಮೊದಲ ಎರಡು ಶನಿವಾರ ಬೆಳಿಗ್ಗೆ 10ರಿಂದ 1ರವರೆಗೆ ಡಾಂಗಲ್ ತಂದು ನಮ್ಮ ಕಂಪ್ಯೂಟರಿನಲ್ಲೇ ಸಹಿ ಹಾಕಬಹುದು. ಪಾಸ್‌ವರ್ಡ್ ನೀವೇ ಒತ್ತಬೇಕು.

ವಂದನೆಗಳೊಂದಿಗೆ,
ಫೈಲಿಂಗ್ ವಿಭಾಗ, ಬೆಂಗಳೂರು